ಸಾಯಿಜಿಂಗಿನ ಬಿಸಿನೀರು

“ಎಣ್ಣಿ ಕೈಲೆ ತಂಬಿಗಿ ಮುಟ್ಟೀಯಲ್ಲ?”

ಬಚ್ಚಲಿನಿಂದ ಅತ್ತೆ ಹಾಲವ್ವನ ದನಿ ಬಂದಾಗ ಕಲ್ಲವ್ವ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಎದ್ದು ಹೋದಳು. ಹಾಲವ್ವ ಒದ್ದೆ ಸೀರೆ ಸುತ್ತಿಕೊಂಡು, ತಂಬಿಗೆಯನ್ನು ಬೆಳಕಿಗೆ ಹಿಡಿದು ನಿಂತಿದ್ದಳು. ಬಿಸಿನೀರಿನ ಮೇಲೆ ಸಣ್ಣ ಸಣ್ಣ ಜಿಡ್ಡಿನ ಕಣ್ಣುಗಳು ತೇಲುತ್ತಿದ್ದವು, ಸಾರಿಗೆ ಒಗ್ಗರಣೆ ಹೆಚ್ಚಾದಾಗ ತೇಲುವಂತೆ.

“ಇಲ್ರೀ ಅತ್ತಿ, ಇನ್ನ ಒಗ್ಗರಣಿನ ಹಾಕಿಲ್ಲ ನಾ.”

“ಹಂಗಾರ ಇದೇನ ಮ್ಯಾಲಿಂದ ಬಿತ್ತೇನ?”

ಕಲ್ಲವ್ವ ಹುಣಸೆಹಣ್ಣು ಹಚ್ಚಿ ತಂಬಿಗೆ ತಿಕ್ಕಿದಳು. ನಳ ತಿರುವಿದಳು, ಮತ್ತದೇ ಜಿಡ್ಡು. ಬಕೀಟು ತಿಕ್ಕಿದಳು, ಮತ್ತದೇ. ಆ ಮನೆಯ ರೀತಿಯೇ ಹಾಗೆ. ಏನೇ ಕೆಟ್ಟರೂ ಮೊದಲು ಸೊಸೆ ತಿಕ್ಕಿ ತೊಳೆಯಬೇಕು, ತಪ್ಪು ಯಾರದೆಂದು ನೋಡುವುದು ಆಮೇಲೆ.

ಆ ನಳ ಬಚ್ಚಲಿಗೆ ಬಂದು ಒಂದು ತಿಂಗಳಾಗಿತ್ತಷ್ಟೆ. ಅವಳ ಗಂಡ ಅಣ್ಣಾಸಾಹೇಬನ ಸಾಯಿಜಿಂಗ್ ಕಾರ್ಖಾನೆ ಮನೆಯ ಹಿಂದೆ, ಓಣಿಯಾಚೆಗೇ ಇತ್ತು. ಇಚಲಕರಂಜಿಯ ಮಗ್ಗಗಳಿಗೆ ಏರುವ ಮೊದಲು ನೂಲನ್ನು ಗಂಜಿಯಲ್ಲಿ ಅದ್ದಿ ಗಟ್ಟಿ ಮಾಡುವ ಜಾಗ ಅದು. ಗಂಜಿಯ ಹಂಡೆಯಲ್ಲಿ ಒಂದು ಸುರುಳಿ ಪೈಪು ಮುಳುಗಿರುತ್ತದೆ. ಬಾಯ್ಲರಿನ ಹಬೆ ಅದರೊಳಗೆ ಓಡಿ ಗಂಜಿಯನ್ನು ಕುದಿಸಿ, ತಾನು ನೀರಾಗಿ ಇನ್ನೊಂದು ತುದಿಯಿಂದ ಹೊರಬೀಳುತ್ತದೆ. ಸುಡುವ ಆ ನೀರು ವರ್ಷಗಟ್ಟಲೆ ಗಟಾರಕ್ಕೆ ಸುರಿಯುತ್ತಿತ್ತು. ಓಣಿಯ ಮಗ್ಗದವರ ಹೆಂಡಂದಿರು ಕೊಡ ಹಿಡಿದು ಪಾಳಿ ನಿಂತು ತುಂಬಿಕೊಳ್ಳುತ್ತಿದ್ದರು.

ಅಣ್ಣಾಸಾಹೇಬ ದೀಪಾವಳಿಗೆ ಕೊಲ್ಹಾಪುರದ ಬೀಗರ ಬಂಗಲೆಗೆ ಹೋಗಿ ಬಂದ. ಅಲ್ಲಿ ಗೋಡೆಗೆ ಬಡಿದ ಕರೆಂಟಿನ ಡಬ್ಬಿಯೊಂದು ಗುಂಡಿ ಒತ್ತಿದರೆ ಬಿಸಿನೀರು ಕೊಡುತ್ತಿತ್ತಂತೆ. ಮೂರು ದಿನ ಅದೇ ಮಾತು. ನಾಲ್ಕನೆಯ ದಿನ ಬಾಯ್ಲರಿನ ಸತ್ಯಪ್ಪನನ್ನು ಕರೆಸಿ, ಗಟಾರಕ್ಕೆ ಹೋಗುವ ನೀರನ್ನು ಪೈಪಿನಲ್ಲಿ ಮನೆಗೆ ತಿರುಗಿಸಲು ಹೇಳಿದ. “ನಮಗ ಕರೆಂಟೂ ಬ್ಯಾಡ, ಕಟಗೀನೂ ಬ್ಯಾಡ. ಬೀಗರು ಬಂದ ನೋಡ್ಲಿ,” ಎಂದ. ಸತ್ಯಪ್ಪ ಪೈಪು ಎಳೆದು, ಬಿಸಿ ಆರದಂತೆ ಅದಕ್ಕೆ ಗೋಣಿತಟ್ಟು ಸುತ್ತಿ ಮಣ್ಣು ಮೆತ್ತಿದ. ಹಾಲವ್ವ ನಳಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆಸಿದಳು.

ಅದೇ ದಿನ ಓಣಿಯಲ್ಲಿ ತಾರವ್ವ ಎಂಬವಳು ಖಾಲಿ ಕೊಡ ಹಿಡಿದುಕೊಂಡು ಸಾವಕಾರನ ವಂಶಕ್ಕೆಲ್ಲ ಶಾಪ ಹಾಕಿದಳು. ಕಲ್ಲವ್ವನಿಗೆ ಅದು ಕೇಳಿಸಿತು. ಕೇಳಿಸದವಳಂತೆ ಕಿಟಕಿ ಮುಚ್ಚಿದಳು.

ಮುಚ್ಚದೆ ಏನು ಮಾಡಿಯಾಳು? ಮದುವೆಯಾಗಿ ಬಂದಂದಿನಿಂದ ಅವಳು ಕೋಳಿ ಕೂಗುವ ಮೊದಲು ಎದ್ದು, ಹಿತ್ತಲಲ್ಲಿ ನೀರು ಕಾಯಿಸುವ ತಾಮ್ರದ ಬಂಬಕ್ಕೆ ಬೆಂಕಿ ಹಾಕಿದವಳು. ಕಬ್ಬಿನ ಒಣಸೋಗೆ, ರವದಿ, ಒಂದು ಸಲ ಭಗ್ಗೆಂದು ಉರಿದು, ಒಂದು ತಾಸು ಹೊಗೆಯಾಡುತ್ತದೆ. ಊದಿ ಊದಿ ಕಣ್ಣು ಕೆಂಪಾಗಿಯೇ ಉಳಿದವು, ಕೆಮ್ಮು ಎದೆಯಲ್ಲೇ ಮನೆ ಮಾಡಿತು. ಅತ್ತೆಯ ಸ್ನಾನ, ಗಂಡನ ಸ್ನಾನ, ಮಕ್ಕಳ ಸ್ನಾನ, ಬಂದ ಬೀಗರ ಸ್ನಾನ. ಕೊನೆಗೆ ಅವಳ ಪಾಲಿಗೆ ಉಳಿಯುತ್ತಿದ್ದದ್ದು ಬಂಬದ ತಳದ ಉಗುರುಬೆಚ್ಚಗಿನ ಎರಡು ತಂಬಿಗೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಅವಳ ಕಾಲ ಆ ನಳದಲ್ಲಿ ಬಂತು. ಮೊದಲ ದಿನ ಅವಳು ಬಾಗಿಲು ಹಾಕಿಕೊಂಡು, ಮೈ ಕೆಂಪಾಗುವವರೆಗೆ ನೀರು ಹಾಕಿಕೊಂಡಳು. ಆಮೇಲೆ ಸುಮ್ಮನೆ ಕುಳಿತು ಅತ್ತಳು. ಸುಖಕ್ಕೇ ಅತ್ತದ್ದು.

ಈಗ ಆ ನಳದಲ್ಲಿ ಜಿಡ್ಡು.

ಸತ್ಯಪ್ಪ ಬಂದ. ಗಡಹಿಂಗ್ಲಜ ಕಡೆಯ ಕುರುಬರವನು, ಊರಲ್ಲಿ ಅಣ್ಣತಮ್ಮಂದಿರು ಇನ್ನೂ ಕುರಿ ಕಾಯುತ್ತಿದ್ದರು. ನೀರನ್ನು ಬೆರಳಲ್ಲಿ ಮುಟ್ಟಿ, ಮೂಸಿ, ಸಲೀಸಾಗಿ ಹೇಳಿದ:

“ಹಂಡ್ಯಾಗಿನ ಸುರುಳಿ ತೂತ ಬಿದ್ದೈತ್ರಿ ಸಾವಕಾರ್ರ. ಹಬಿ ಬಂದ್ ಮಾಡಿದಾಗ ಗಂಜಿ ಒಳಗ ಎಳಕೊಂಡೈತಿ. ಅದಕ್ಕ ಚರಬಿ ತೇಲಾಕತ್ತೈತಿ.”

ಅಣ್ಣಾಸಾಹೇಬ ಕೆಮ್ಮಿದ, ಕಣ್ಣು ಮಾಡಿದ. ನಳವನ್ನೇ ನೋಡುತ್ತಿದ್ದ ಸತ್ಯಪ್ಪನಿಗೆ ಅದು ಕಾಣಲಿಲ್ಲ.

“ಯಾತರ ಚರಬಿ?” ಹಾಲವ್ವ ಕೇಳಿದಳು.

“ಕುರೀದ್ರಿ ಆಯಿ. ನೂಲ ಮೆತ್ತಗಿರಬೇಕಲ್ರಿ, ಇಲ್ಲಂದ್ರ ಮಗ್ಗದಾಗ ಕಡೀತೈತಿ.”

ಹಾಲವ್ವನ ಕೈ ತಾನಾಗಿ ಕೊರಳಲ್ಲಿದ್ದ ಲಿಂಗದ ಕರಡಿಗೆಯ ಮೇಲೆ ಹೋಯಿತು. ಅದೇ ನೀರಲ್ಲಿ ಮಿಂದು ಅದೇ ಕೈಯಲ್ಲಿ ನಿನ್ನೆ ಲಿಂಗಪೂಜೆ ಮಾಡಿದ್ದಳು, ಮೊನ್ನೆಯೂ; ಆ ನೀರಲ್ಲೂ ಕುರಿಯ ಕೊಬ್ಬು ಇತ್ತೋ ಏನೋ. ಮುದುಕಿಯ ಮುಖ ಬೂದಿಯಾಯಿತು. ಆ ಗಳಿಗೆಯಲ್ಲಿ ಕಲ್ಲವ್ವನಿಗೂ ಅವಳನ್ನು ಕಂಡು ಪಾಪ ಎನಿಸಿತು.

“ನನಗ ಬರೇ ಗಂಜಿ ಅಂತ ಹೇಳಿದ್ದೀ,” ಎಂದಳು ಹಾಲವ್ವ, ಮಗನಿಗೆ.

“ಗಂಜಿನ ಅವ್ವಾ. ಅದರಾಗ ಜರಾ ಹಾಕಬೇಕಾಗತೈತಿ. ಊರಾಗ ಎಲ್ಲಾರೂ ಹಾಕ್ತಾರ.”

ಹಾಲವ್ವ ಆ ದಿನ ಊಟ ಮಾಡಲಿಲ್ಲ. ಮಠದಿಂದ ಅಯ್ಯನವರು ಬಂದರು, ಮನೆಗೆಲ್ಲ ತೀರ್ಥ ಸಿಂಪಡಿಸಿದರು. ತೀರ್ಥ ಸಿಂಪಡಿಸುವ ಮೊದಲು ಮನೆ ತೊಳೆಯಬೇಕಲ್ಲ, ಅದನ್ನು ಕಲ್ಲವ್ವ ತೊಳೆದಳು. ಬಚ್ಚಲು, ಪಡಸಾಲೆ, ಹೊಸ್ತಿಲು, ಅಟ್ಟದ ಮೇಲಿದ್ದ ಪಾತ್ರೆ ಸಹ. ತಣ್ಣೀರಲ್ಲಿ. ಸೊಂಟ ಹಿಡಿದುಕೊಂಡು ಎದ್ದು ನಿಲ್ಲುವಾಗ ಪಡಸಾಲೆಯಲ್ಲಿ ತೀರ್ಮಾನ ನಡೆದಿತ್ತು.

“ಕಾರಖಾನ್ಯಾಗ ನೀ ಏನರ ಕುದಸ್ಕೋ, ಅದ ನಿನ್ನ ಧಂದೆ,” ಹಾಲವ್ವ ಹೇಳುತ್ತಿದ್ದಳು. “ನನ್ನ ಬಚ್ಚಲಕ್ಕ ಅದು ಬರಬಾರದು. ಆ ಪೈಪ ಕೊಯ್ಸಿ ಒಗಿ.”

“ಕೊಯ್ಸತೇನವ್ವಾ.” ತಾಯಿ ಇಷ್ಟಕ್ಕೇ ಬಿಟ್ಟಳಲ್ಲ ಎಂಬ ನೆಮ್ಮದಿ ಅಣ್ಣಾಸಾಹೇಬನ ಮುಖದಲ್ಲಿ ಕಂಡಿತು. ಹೆಂಡತಿಯ ಕಡೆ ತಿರುಗಿದ. “ನಾಳಿಂದ ಬಂಬ ಹೊತ್ತಸು.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಲ್ಲವ್ವ ಕೈಯಲ್ಲಿದ್ದ ಅರಿವೆಯನ್ನು ಬಕೀಟಿಗೆ ಹಾಕಿದಳು.

“ಸುರುಳಿ ಒಂದ ಕೆಟ್ಟೈತಿ. ಹೊಸಾದ ಹಾಕಿದ್ರ ಚೊಕ್ಕ ನೀರ ಬರತೈತಿ ಅಂತ ಸತ್ಯಪ್ಪ ಹೇಳ್ಯಾನ. ಪೈಪ ಯಾಕ ಕೊಯ್ಯೂದು?”

“ನಡುವ ಬಾಯಿ ಹಾಕಬ್ಯಾಡ.”

“ಬಾಯಿ ಹಾಕತೇನಿ. ಬಂಬ ಊದಿದ್ದ ಇದ ಬಾಯಿಲೆ ಅಲ್ಲೇನ?” ಅವಳು ಗಂಡನ ಎದುರಿಗೇ ಬಂದು ನಿಂತಳು. “ನಿಮ್ಮ ಅಂಗಿ ಯಾಕ ಹಿಂಗ ನಾರತೈತಿ ಅಂದ್ರ ಮಶೀನಿನ ಎಣ್ಣಿ ಅಂದ್ರಿ. ಇಷ್ಟ ವರ್ಷ ಆ ಚರಬಿ ಈ ಕೈಲೆ ತೊಳದೇನಿ. ಅದ ಕೈಲೆ ನಿಮಗೆಲ್ಲಾ ಬಡಸೇನಿ. ಆ ಕೈ ಚೊಕ್ಕ ಮಾಡಾಕ ಯಾವ ಅಯ್ನಾರ್ನ ಕರಸ್ತೀರಿ? ಅತ್ತಿ, ನಿಮ್ಮ ಕೈಯಾಗಿನ ಈ ಪಾಟಲಿ ಯಾವ ರೊಕ್ಕದಾಗ ಬಂದಾವ? ಇವನ್ನೂ ಕೊಯ್ಸಿ ಒಗೀರಿ ಮತ್ತ.”

ಹಾಲವ್ವ ತನ್ನ ಬಂಗಾರದ ಪಾಟಲಿಯನ್ನು ನೋಡಿಕೊಂಡಳು, ಸೆರಗಿನೊಳಗೆ ಕೈ ಎಳೆದುಕೊಂಡಳು. ಬಾಯಿಂದ ಮಾತ್ರ, “ಕೇಳಿದ್ಯೇನೋ ನಿನ್ನ ಹೇಣ್ತಿ ಮಾತ?” ಎಂದಳು.

ಅಣ್ಣಾಸಾಹೇಬ ಹೊರಗೆದ್ದು ಹೋದ. ಇಂಥ ಹೊತ್ತಿಗೆ ಗಂಡಸರಿಗೆ ಯಾವಾಗಲೂ ಹೊರಗೆ ಕೆಲಸವಿರುತ್ತದೆ.

ಸಂಜೆಗೆ ಎರಡು ಕೆಲಸ ಮುಗಿದವು. ಗೋಡೆಯ ಬುಡದಲ್ಲಿ ಪೈಪನ್ನು ಗರಗಸದಿಂದ ಕೊಯ್ದರು. ಕಾರ್ಖಾನೆಯಲ್ಲಿ ಸುರುಳಿಯನ್ನು ಹೊಸದು ಹಾಕಿದರು, ಯಾಕೆಂದರೆ ಮಗ್ಗದವರ ನೂಲು ಸರದಿಯಲ್ಲಿತ್ತು, ಅದು ಕಾಯುವಂತಿರಲಿಲ್ಲ. ಪೈಪು ಕೊಯ್ದ ಸತ್ಯಪ್ಪ ತಲೆ ತಗ್ಗಿಸಿಕೊಂಡೇ ಹೇಳಿದ: “ಈಗ ಕನ್ನಡಿಯಂಗ ನೀರ ಬಿಡಾಕತ್ತೈತ್ರಿ ಅಕ್ಕಾರ. ಗಟಾರಕ್ಕ ಹೊಂಟೈತಿ.”

ಕಲ್ಲವ್ವ ಅದನ್ನು ಕೇಳಿಕೊಂಡು ಅಡಿಗೆಗೆ ಹೋದಳು. ರಾತ್ರಿ ಎಲ್ಲರಿಗೂ ಬಡಿಸಿ, ತಾನೂ ಹೊಟ್ಟೆ ತುಂಬ ಉಂಡು ಮಲಗಿದಳು.

ಬೆಳಗ್ಗೆ ಹಿತ್ತಲಲ್ಲಿ ಹೊಗೆ ಏಳಲಿಲ್ಲ. ಕಲ್ಲವ್ವ ಹಿತ್ತಾಳೆಯ ಕೊಡ ಎತ್ತಿಕೊಂಡು, ಹಿತ್ತಲ ಬಾಗಿಲಿನಿಂದಲ್ಲ, ಮುಂಬಾಗಿಲಿನಿಂದಲೇ ಇಳಿದು ಬಳಸಿಕೊಂಡು ಓಣಿಗೆ ಹೋದಳು. ಮಾರ್ಗಶಿರದ ಚಳಿ. ರಾತ್ರಿ ಪಾಳಿ ಬಿಟ್ಟ ಮಗ್ಗದವರು ಸೈಕಲ್ಲಿನ ಮೇಲೆ ಮುದುಡಿಕೊಂಡು ಮನೆಗೆ ಹೋಗುತ್ತಿದ್ದರು. ಗಟಾರದ ಬಾಯಿಯಲ್ಲಿ ಹಬೆ ಎದ್ದಿತ್ತು, ಹೆಂಗಸರ ಪಾಳಿಯೂ ನಿಂತಿತ್ತು. ಸುದ್ದಿ ಅವರಿಗೆ ನಿನ್ನೆಯೇ ಮುಟ್ಟಿತ್ತು. ಸಾವಕಾರನ ಹೆಂಡತಿಯನ್ನು ಕಂಡು ದಾರಿ ಬಿಟ್ಟರು. ಅವಳು ಎಲ್ಲರ ಹಿಂದೆ ಹೋಗಿ ಕೊಡ ಇಟ್ಟಳು.

ಮುಂದಿದ್ದ ತಾರವ್ವ ತಿರುಗಿ ನೋಡಿದಳು. “ಏನ್ರಿ, ನಿಮ್ಮ ನಳಾನೂ ಕೊಯ್ದ್ರಂತ?”

“ಕೊಯ್ದ್ರು.”

“ಹಂಗಾರ ಮುಂದ ಬರ್ರಿ. ಸಾಯಿಜಿಂಗ್ ನಿಮ್ಮದಲ್ಲೇನ?”

“ನಂದೇನಲ್ಲ,” ಎಂದಳು ಕಲ್ಲವ್ವ. “ಪಾಳಿ ಬಂದಾಗ ತುಂಬತೇನಿ.”

ತಾರವ್ವ ಅವಳನ್ನು ಇನ್ನೊಂದು ಗಳಿಗೆ ನೋಡಿದಳು. ಕಲ್ಲವ್ವನ ಪಾಳಿ ಬಂದಾಗ ಕೊಡವನ್ನು ಸೊಂಟಕ್ಕೆ ಎತ್ತಲು ಒಂದು ಕೈ ಕೊಟ್ಟಳು.

ಅವಳು ಮುಂಬಾಗಿಲಿನಿಂದಲೇ ಮರಳಿದಳು. ಪಡಸಾಲೆಯಲ್ಲಿ ಹಾಲವ್ವ ಶಾಲು ಹೊದ್ದು, ಬಿಸಿನೀರಿಗೆ ಕಾದು ಕುಳಿತಿದ್ದಳು. ಹಿತ್ತಲಲ್ಲಿ ಅಣ್ಣಾಸಾಹೇಬ ಟವೆಲ್ ಸುತ್ತಿಕೊಂಡು, ತಣ್ಣಗಿನ ಬಂಬದ ಪಕ್ಕದಲ್ಲಿ ಬರಿಮೈಯಲ್ಲಿ ನಿಂತಿದ್ದ. ಮೈಮೇಲೆ ಮುಳ್ಳು ಎದ್ದಿದ್ದವು.

“ಎಲ್ಲಿ ಹೋಗಿದ್ದಿ? ಇಡೀ ಓಣಿ ನೋಡಿರಬೇಕು,” ಎಂದ.

“ನೋಡ್ಯಾರ.”

“ಅದ ನೀರ ಮತ್ತ ಒಳಗ ತಂದೆಲ್ಲ,” ಹಾಲವ್ವ ಒಳಗಿನಿಂದ ಕೂಗಿದಳು. “ಮಡಿ ಇಲ್ಲ, ಮೈಲಿಗಿ ಇಲ್ಲ.”

ಕಲ್ಲವ್ವ ನಿಲ್ಲಲಿಲ್ಲ. ಕೊಡದ ಹಬೆ ಗಂಡನ ಮುಖಕ್ಕೆ ಬಡಿಯುವಷ್ಟು ಹತ್ತಿರದಿಂದ ಹಾದು ಬಚ್ಚಲಿಗೆ ಹೋದಳು. “ರವದಿ ಅಲ್ಲೈತಿ, ಕಡ್ಡಿಪೆಟ್ಟಿಗಿ ಗ್ವಾಡಿ ಮಾಡದಾಗ ಐತಿ,” ಎಂದು ಹೇಳಿ ಚಿಲಕ ಹಾಕಿಕೊಂಡಳು.

ಒಳಗೆ ಮೊದಲ ತಂಬಿಗೆ ಬಿದ್ದ ಸದ್ದಾಯಿತು. ಆಮೇಲೆ ಎರಡನೆಯದು, ಅವಸರವಿಲ್ಲದೆ. ಬಚ್ಚಲ ಮೋರಿಯಿಂದ ಹಬೆಯಾಡುವ ನೀರು ಹಿತ್ತಲ ಹಾಸುಗಲ್ಲಿನ ಮೇಲೆ ಹರಿದು ಬಂತು. ಹಾಲವ್ವ ಹಿತ್ತಲ ಬಾಗಿಲಿಗೆ ಬಂದು ನಿಂತು, “ಸರದ ನಿಲ್ಲೋ, ಮೆಟ್ಟಬ್ಯಾಡ,” ಎಂದಳು. ನೀರು ಹರಿದು ಅಣ್ಣಾಸಾಹೇಬನ ಬರಿಗಾಲಿಗೆ ಮುಟ್ಟಿತು, ಬೆರಳುಗಳನ್ನು ಸುತ್ತಿಕೊಂಡಿತು. ಅವನು ಕಾಲು ತೆಗೆಯಲಿಲ್ಲ.