ಟೇಪಿನ ಕೆಳಗಿನ ಗಂಟು

ಪೆಟ್ಟಿಗೆ ಇನ್ನೂ ಅರ್ಧ ಹೊರಗಿರುವಾಗಲೇ ಡ್ರೈವರ್ ಇಳಿದು ಬಂದು ಕೈ ಅಡ್ಡ ಹಿಡಿದ.

"ಸ್ವಲ್ಪ ತಡೀರಿ. ಕೆಂಪು ದೀಪ ಹತ್ಕೊಂಡಿದೆ."

ಹೊತ್ತವರು ಇದ್ದಲ್ಲೇ ನಿಂತರು. ಮುಂದಿನ ಮೂಲೆಗೆ ಹೆಗಲು ಕೊಟ್ಟಿದ್ದ ಗ್ಯಾರೇಜಿನ ಚಿಕ್ಕ ಮೇಸ್ತ್ರಿ, "ಯಾವ ದೀಪ?" ಎಂದು ಕೇಳಿದ.

"ಬ್ರೇಕ್ ಆಯಿಲ್ ಕಮ್ಮಿ ಆದ್ರೆ ಹತ್ತೋದು. ಎಂಟು ವರ್ಷದಿಂದ ಒಂದು ದಿನಾನೂ ಹತ್ತಿರ್ಲಿಲ್ಲ. ಇವತ್ತೇ ಹತ್ಬೇಕಾ? ದಾರಿ ಪೂರ್ತಿ ಇಳಿಜಾರು. ಹೀಗೇ ಓಡ್ಸಲ್ಲ ನಾನು."

ಹೆಣ ಸಾಗಿಸುವ ಆ ಉದ್ದನೆಯ ಕಾರಿಗೆ ಮೂವತ್ತು ವರ್ಷ ದಾಟಿತ್ತು. ದೊಡ್ಡ ಮೇಸ್ತ್ರಿಯ ಪೆಟ್ಟಿಗೆಯನ್ನು ಒಳಗೆ ತಳ್ಳಿ, ಅವನ ಹೆಂಡತಿಯನ್ನು ಪಕ್ಕದ ಪುಟ್ಟ ಬೆಂಚಿನ ಮೇಲೆ ಕೂರಿಸಿದರು. ಗ್ಯಾರೇಜಿನ ಗಿರಾಕಿಗಳೆಲ್ಲ ಸುತ್ತ ನೆರೆದರು.

"ಅವನಿದ್ದಿದ್ರೆ ಬಾನೆಟ್ ಎತ್ತೋ ಮುಂಚೇನೇ ಹೇಳ್ಬಿಡ್ತಿದ್ದ. ಶಬ್ದದಲ್ಲೇ ಹಿಡಿಯೋನು," ಎಂದರು ನಿವೃತ್ತ ಮೇಷ್ಟ್ರು.

"ದೀಪಕ್ಕೆ ಎಲ್ಲಿಂದ ಶಬ್ದ ಬಂತು, ಸಾರ್?" ಎಂದ ಚಿಕ್ಕ ಮೇಸ್ತ್ರಿ.

"ಪೆಟ್ಟಿಗೇಲಿರೋರ್ನೇ ಎಬ್ಬಿಸ್ಬೇಕು ಈಗ," ಎಂದು ಟ್ಯಾಕ್ಸಿಯವನು ಗೊಣಗಿದ. ಒಂದಿಬ್ಬರು ಕೆಮ್ಮಿ ನಗೆ ಮುಚ್ಚಿಕೊಂಡರು.

"ನೀವಾದ್ರೂ ಒಂದ್ಸಲ ನೋಡಿ ಮತ್ತೆ," ಎಂದರು ಮೇಷ್ಟ್ರು.

ಆ 'ಆದ್ರೂ' ಚಿಕ್ಕ ಮೇಸ್ತ್ರಿಗೆ ಹೊಸದಲ್ಲ. ಮೂವತ್ತು ವರ್ಷ ಒಂದೇ ಶೆಡ್ಡಿನಲ್ಲಿ ಅದನ್ನು ಕೇಳಿಕೊಂಡೇ ಬಂದಿದ್ದ. ಸತ್ತವನಿಗಿಂತ ಅವನು ಎರಡು ವರ್ಷ ದೊಡ್ಡವನು. ಆದರೂ ಅವನು ಚಿಕ್ಕ ಮೇಸ್ತ್ರಿ, ಮತ್ತೊಬ್ಬ ದೊಡ್ಡ ಮೇಸ್ತ್ರಿ. ಹೀಗೆ ಮೊದಲು ಕರೆದವರು ಯಾರೆಂಬುದು ಯಾರಿಗೂ ನೆನಪಿರಲಿಲ್ಲ. ಗಿರಾಕಿಗಳು ಬಂದರೆ ಅವನ ಭುಜದ ಮೇಲಿಂದ ಒಳಗೆ ಇಣುಕಿ, "ಅವರಿಲ್ವಾ?" ಎನ್ನುತ್ತಿದ್ದರು. ಇಲ್ಲವೆಂದರೆ, "ಪರವಾಗಿಲ್ಲ, ನಾಳೆ ಬರ್ತೀನಿ."

ಬಿಳಿ ಅಂಗಿಯ ತೋಳು ಮಡಚಿ ಬಾನೆಟ್ ಎತ್ತಿದ. ಆಯಿಲಿನ ಡಬ್ಬಿ ಮೇಲಿನ ಗೆರೆಯವರೆಗೂ ತುಂಬಿತ್ತು. ಹಾಗಾದರೆ ದೀಪ ಸುಳ್ಳು ಹೇಳುತ್ತಿದೆ. ಮುಚ್ಚಳಕ್ಕೆ ಅಂಟಿಕೊಂಡಿರುವ ಬೆಂಡಿನ ತುಂಡೊಂದು ಆಯಿಲಿನಲ್ಲಿ ತೇಲುತ್ತಿರಬೇಕು. ಅದು ತೇಲುವಷ್ಟು ಹೊತ್ತು ಕರೆಂಟು ಹರಿದು ದೀಪ ಆರಿರುತ್ತದೆ. ಮುಳುಗಿದರೆ ಹರಿವು ಕಡಿದು ದೀಪ ಹತ್ತುತ್ತದೆ. ಮುಚ್ಚಳ ತಿರುಗಿಸಿ ತೆಗೆದ. ಬೆಂಡು ಆಯಿಲು ಕುಡಿದು ಊದಿ, ಕಲ್ಲಿನಂತೆ ಕೆಳಗೆ ನೇತಾಡುತ್ತಿತ್ತು. ಇವತ್ತು ನಿನ್ನೆ ಕೆಟ್ಟದ್ದಲ್ಲ ಅದು. ಕೆಟ್ಟು ವರ್ಷಗಳಾಗಿರಬೇಕು. ಹಾಗಿದ್ದರೆ ದೀಪ ಇಷ್ಟು ದಿನ ಯಾಕೆ ಹತ್ತಿರಲಿಲ್ಲ?

ಮುಚ್ಚಳದಿಂದ ಹೊರಟ ವೈರುಗಳ ಜಾಡು ಹಿಡಿದ. ನಾಲ್ಕು ಬೆರಳು ದೂರದಲ್ಲಿ ಕರಿ ಟೇಪು ಸುತ್ತಿತ್ತು. ಉಗುರಿನಿಂದ ಬಿಡಿಸಿದರೆ, ಮುಚ್ಚಳದ ಕಡೆಯ ಎರಡೂ ವೈರು ಅಲ್ಲಿಗೇ ತುಂಡಾಗಿದ್ದವು. ದೀಪದ ಕಡೆಯಿಂದ ಬಂದ ಎರಡನ್ನು ಯಾರೋ ಒಂದಕ್ಕೊಂದು ಹೊಸೆದು ಗಂಟು ಹಾಕಿದ್ದರು. ಡಬ್ಬಿ ಬತ್ತಿ ಒಣಗಿದರೂ ದೀಪ ಹತ್ತದ ಹಾಗೆ. ಈಗ ಗಂಟಿಗೆ ಹಸಿರು ಕಿಲುಬು ಹಿಡಿದು ಕರೆಂಟು ಹರಿಯುವುದು ನಿಂತಿತ್ತು. ಅಷ್ಟೇ ಆಗಿದ್ದು.

ಎಂಟು ವರ್ಷದಿಂದ ಈ ಕಾರನ್ನು ದೊಡ್ಡ ಮೇಸ್ತ್ರಿ ಬಿಟ್ಟರೆ ಬೇರೆ ಯಾರೂ ಮುಟ್ಟಿರಲಿಲ್ಲ.

* * *

"ಆ ಕಾರು ನಂಗೇ ಇರ್ಲಿ ಬಿಡು," ಎಂದಿದ್ದ ದೊಡ್ಡ ಮೇಸ್ತ್ರಿ, ಎಂಟು ವರ್ಷದ ಹಿಂದೆ, ಚಕ್ರದ ನಟ್ಟು ಬಿಗಿಯುತ್ತ, ತಲೆ ಎತ್ತದೆ.

"ಯಾಕೆ, ನಂಗೆ ಬರಲ್ವಾ?"

"ಬರಲ್ಲ ಅಂತ ಯಾರಂದ್ರು?"

"ಹೆಣದ ಗಾಡೀನೂ ನೀನೇ ಇಟ್ಕೋ. ಒಳ್ಳೇದೆಲ್ಲ ನಿಂಗೇ ಬರ್ಲಿ."

ದೊಡ್ಡ ಮೇಸ್ತ್ರಿ ನಕ್ಕಿದ್ದ. ಯಾಕೆಂದು ಮಾತ್ರ ಹೇಳಿರಲಿಲ್ಲ. ಆ ನಗು ಚಿಕ್ಕ ಮೇಸ್ತ್ರಿಯ ಗಂಟಲಿನಲ್ಲಿ ಮುಳ್ಳಾಗಿ ಕೂತಿತ್ತು.

* * *

ಕಿಲುಬು ಹಿಡಿದ ಗಂಟನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡ.

"ಆಯಿಲ್ ತುಂಬಿದೆ, ಬ್ರೇಕ್ ಸರಿಯಿದೆ. ದೀಪ ಉರೀತಿರ್ಲಿ, ಹೊರಡು," ಎಂದ ಡ್ರೈವರಿಗೆ.

"ಏನಾಗಿತ್ತು?" ಎಂದು ಕೇಳಿದರು ಮೇಷ್ಟ್ರು.

"ಅಲ್ಲಿ ಹೋಗಿ ಹೇಳ್ತೀನಿ."

"ಹಾಗೇ ಅವನ ಬಗ್ಗೆ ಎರಡು ಮಾತೂ ಹೇಳ್ಬಿಡಿ. ನಿಮ್ಮಷ್ಟು ಹತ್ರದಿಂದ ನೋಡಿದೋರು ಇನ್ಯಾರಿದ್ದಾರೆ?"

"ಹೇಳ್ತೀನಿ," ಎಂದ. ಬಹಳ ವರ್ಷದ ಮೇಲೆ ಅವನ ದನಿಯಲ್ಲಿ ಹುರುಪಿತ್ತು.

ಡ್ರೈವರಿನ ಪಕ್ಕ ಕೂತು, ಕಾರು ಇಳಿಜಾರಿಗೆ ಹೊರಳುತ್ತಿದ್ದಂತೆ, ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸತೊಡಗಿದ. ಹೆಚ್ಚೇನೂ ಬೇಡ. ಗಂಟನ್ನು ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿದರೆ ಸಾಕು. ನೋಡಿ, ಇದು ನಿಮ್ಮ ದೊಡ್ಡ ಮೇಸ್ತ್ರಿಯ ಕೆಲಸ. ದೀಪ ರಿಪೇರಿ ಮಾಡಲಿಲ್ಲ, ದೀಪದ ಕಣ್ಣು ಕಟ್ಟಿದ. ಮೇಷ್ಟ್ರ ಮುಖ ಹೇಗಾಗಬಹುದೆಂದು ನೆನೆದು ತುಟಿಯಂಚು ಅಲುಗಿತು.

"ಇನ್ಮೇಲೆ ಸೋಮವಾರ ಬೇಜಾರು," ಎಂದ ಡ್ರೈವರ್. "ಪ್ರತಿ ಸೋಮವಾರ ಬೆಳಿಗ್ಗೆ ಆರಕ್ಕೆ ದೊಡ್ಡ ಮೇಸ್ತ್ರಿ ನಮ್ ಶೆಡ್ಡಿಗೆ ಬರೋರು. ಮುಚ್ಚಳ ತೆಗ್ದು ಆಯಿಲ್ ನೋಡೋರು, ಹೋಗೋರು. ಮಳೆ ಇರ್ಲಿ ಚಳಿ ಇರ್ಲಿ, ತಪ್ಪಿಸ್ತಿರ್ಲಿಲ್ಲ. ಈ ಮುಚ್ಚಳ ಈಗ ಎಲ್ಲೂ ಸಿಗ್ತಿಲ್ಲ, ಸಿಗೋವರ್ಗೂ ನಾನೇ ಕಣ್ಣಲ್ಲಿ ನೋಡ್ಕೋತೀನಿ, ದೀಪ ಹತ್ತಿಲ್ಲ ಅಂತ ನೀನು ನಂಬ್ಕೊಂಡು ಕೂರ್ಬೇಡ ಅನ್ನೋರು."

ಹಿಂದಿನಿಂದ ದೊಡ್ಡ ಮೇಸ್ತ್ರಿಯ ಹೆಂಡತಿ ಕೇಳಿದಳು: "ಸೋಮವಾರಾನಾ?"

"ಹೌದಮ್ಮ."

"ಎಷ್ಟು ವರ್ಷದಿಂದ?"

"ಎಂಟು ಆಯ್ತು. ಕಾರು ನಿಮ್ ಗ್ಯಾರೇಜಿಗೆ ಬರೋಕೆ ಶುರುವಾದಾಗಿಂದ."

ಅವಳು ಪೆಟ್ಟಿಗೆಯ ಮೇಲೆ ಅಂಗೈ ಊರಿದಳು. ಆಮೇಲೆ ಯಾರಿಗೆಂದಿಲ್ಲದೆ ಹೇಳಿದಳು: "ನಾನು ಇನ್ನೊಂದು ಮನೆ ಇದೆ ಅಂದ್ಕೊಂಡಿದ್ದೆ. ಒಂದ್ಸಲ ಹಿಂದೇನೇ ಹೋಗಿದ್ದೆ, ಬಸ್ ಸ್ಟಾಪಿನವರೆಗೆ. ನನ್ನ ಮೇಲೆ ನಂಗೇ ಹೇಸಿಗೆ ಆಗಿ ವಾಪಸ್ ಬಂದೆ. ಕೇಳ್ಲಿಲ್ಲ. ಅವ್ರೂ ಹೇಳ್ಲಿಲ್ಲ."

ಡ್ರೈವರ್ ಗೇರು ಬದಲಿಸಿದ. ಚಿಕ್ಕ ಮೇಸ್ತ್ರಿಯ ಕೈ ತನಗೆ ತಾನೇ ಜೇಬಿಗೆ ಹೋಗಿ ಗಂಟನ್ನು ಹೊರತೆಗೆದಿತ್ತು. ಹೆಬ್ಬೆರಳು ತೋರುಬೆರಳು ಅದನ್ನು ಬಿಚ್ಚತೊಡಗಿದ್ದವು. ಅದು ಹೇಳಿದ ಮಾತು ಕೇಳುವ ಮಗುವಿನ ಹಾಗೆ ಸಲೀಸಾಗಿ ಬಿಚ್ಚಿಕೊಳ್ಳುತ್ತಿತ್ತು.

ಅವನ ಬೆರಳು ತಟ್ಟನೆ ನಿಂತವು. ದೊಡ್ಡ ಮೇಸ್ತ್ರಿ ಹೊಸೆದ ವೈರನ್ನು ಬಿಚ್ಚುವಾಗಲೆಲ್ಲ ಚಿಕ್ಕ ಮೇಸ್ತ್ರಿಯ ಎಡಗೈ ಮೊದಲು ತಪ್ಪು ದಿಕ್ಕಿಗೆ ತಿರುಗಿ ಬಿಗಿ ಮಾಡುತ್ತಿತ್ತು. ಮೂವತ್ತು ವರ್ಷ ಅದಕ್ಕಾಗಿ ಬೈದುಕೊಂಡಿದ್ದ. ಇದು ಆ ಕೈ ಹೊಸೆದದ್ದಲ್ಲ. ಗ್ಯಾರೇಜಿನಲ್ಲಿ ಎಡಗೈಯಲ್ಲಿ ಕೆಲಸ ಮಾಡುವವನು ಒಬ್ಬನೇ ಇದ್ದ.

* * *

ಇದೇ ದೀಪ ಹತ್ತಿ ಕಾರು ಮೊದಲ ಸಲ ಗ್ಯಾರೇಜಿಗೆ ಬಂದ ದಿನ ದೊಡ್ಡ ಮೇಸ್ತ್ರಿ ರಜೆಯಲ್ಲಿದ್ದ. ಒಳಗೆ ಪೆಟ್ಟಿಗೆಯಿತ್ತು, ಹೊರಗೆ ಅಳುವವರಿದ್ದರು. ಯಾರೋ "ಅವರಿಲ್ವಾ?" ಎಂದರು. "ಯಾಕೆ, ನಾನಿಲ್ವಾ?" ಎಂದು ಬಾನೆಟ್ಟಿನೊಳಗೆ ತಲೆ ತೂರಿಸಿದವನು ಐದೇ ನಿಮಿಷಕ್ಕೆ ಕೈ ಒರೆಸಿಕೊಂಡು ಹೊರಬಂದಿದ್ದ. ದೀಪ ಆರಿತ್ತು. "ಭೇಷ್, ದೊಡ್ಡೋರಿಗಿಂತ ಚುರುಕು," ಎಂದಿದ್ದರು ಯಾರೋ. ಆ ಹೊಗಳಿಕೆ ಇಂದಿಗೂ ಅಕ್ಷರಕ್ಷರ ನೆನಪಿತ್ತು. ಅದಕ್ಕಾಗಿ ಮಾಡಿದ್ದೇನೆಂಬುದು ಸಂಜೆಯೊಳಗೇ ಮರೆತುಹೋಗಿತ್ತು.

ಆಮೇಲಿನ ವಾರ ದೊಡ್ಡ ಮೇಸ್ತ್ರಿ, ಆ ಕಾರು ನಂಗೇ ಇರ್ಲಿ, ಎಂದಿದ್ದ.

* * *

ಚಿಕ್ಕ ಮೇಸ್ತ್ರಿಗೆ ಮೊದಲು ಬಂದದ್ದು ನಾಚಿಕೆಯಲ್ಲ, ಹೊಟ್ಟೆಯುರಿ. ಒಂದು ಮಾತು ಬೈದಿದ್ದರೆ ಸಾಲುತ್ತಿತ್ತಲ್ಲ. ಎಲ್ಲರ ಮುಂದೆ ಮಾನ ಕಳೆದಿದ್ದರೂ ಇವನು ತಿರುಗಿ ಬೈದು ಸಮ ಮಾಡಿಕೊಳ್ಳುತ್ತಿದ್ದ. ಅದಕ್ಕೂ ಆಸ್ಪದ ಕೊಡದೆ ನಾನೂರು ಸೋಮವಾರ ಬಾಯಿ ಮುಚ್ಚಿಕೊಂಡು ನಡೆದುಹೋಗಿ, ಇದರಲ್ಲೂ ಅವನೇ ದೊಡ್ಡವನಾಗಿ ಮಲಗಿಬಿಟ್ಟ.

"ಅಣ್ಣಾ," ಎಂದಳು ಅವಳು ಹಿಂದಿನಿಂದ. "ನಿಮ್ಗಾದ್ರೆ ಗೊತ್ತಿರತ್ತೆ. ಅವ್ರೇ ಏನಾದ್ರೂ ಕೆಡಿಸಿಟ್ಟಿದ್ರಾ ಇದನ್ನ? ಅದಕ್ಕೆ ಹೆದರ್ಕೊಂಡು ಹೋಗ್ತಿದ್ರಾ?"

ಹೂಂ ಎಂದರೆ ಮುಗಿಯುತ್ತಿತ್ತು. ತಲೆ ಆಡಿಸಿದರೂ ಸಾಕಿತ್ತು. ಎದುರಿಗೆ ಸ್ಮಶಾನದ ಗೇಟು ಕಾಣಿಸಿತು. ಕಾರು ಒಳಗೆ ಹೋಗಿ ನಿಂತಿತು, ಎಂಜಿನ್ ಆರಿತು.

ಸೀಟಿನ ಮೇಲೆ ಹಿಂದಕ್ಕೆ ತಿರುಗಿ, ಪೆಟ್ಟಿಗೆಯ ಮೇಲಿಂದ ಕೈ ಚಾಚಿ, ಆ ವೈರಿನ ತುಂಡನ್ನು ಅವಳ ಅಂಗೈಯಲ್ಲಿಟ್ಟ.

"ಅವನಲ್ಲ, ಅತ್ತಿಗೆ. ಇದು ನಂದು."

ಅವಳಿಗೆ ಏನೂ ಅರ್ಥವಾಗಲಿಲ್ಲ. ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಆಮೇಲೆ ಬಿಚ್ಚಲು ತೊಡಗಿದಳು. ಗಂಡನ ಹಾಗೆ ಅವಳದೂ ಬಲಗೈ. ತಿರುಗಿಸಿದಂತೆಲ್ಲ ಅದು ಬಿಗಿಯಾಯಿತು. ಹಿಂಬಾಗಿಲು ತೆರೆದುಕೊಂಡಿತು. ಪೆಟ್ಟಿಗೆ ಇಳಿಸಲು ಬಂದವರು ಹೊರಗೆ ಬಿಸಿಲಿನಲ್ಲಿ ಕೈ ಚಾಚಿಕೊಂಡು ನಿಂತರು. ಅವಳು ತಲೆ ಬಗ್ಗಿಸಿ ತಿರುಗಿಸುತ್ತಲೇ ಇದ್ದಳು.