ಮಗುಚಿದ ಕೋಣೆ

ಅಕ್ಕ ಮಲಗಿದ್ದದ್ದು ಎಂಟನೆಯ ಕೋಣೆಯಲ್ಲಿ. ಆ ಕೋಣೆಯ ನಕ್ಷೆ ಬರೆದವಳು ನಾನೇ. ಗೋಡೆ ಎಷ್ಟು ದಪ್ಪ, ಬಾಗಿಲು ಯಾವ ಕಡೆಗೆ ತೆರೆಯಬೇಕು, ಮಂಚದ ತಲೆದಿಕ್ಕಿಗೆ ಆಮ್ಲಜನಕದ ಕೊಳವೆ ಎಲ್ಲಿ ಇಳಿಯಬೇಕು, ಎಲ್ಲವನ್ನೂ ಎಂಟು ವರ್ಷದ ಹಿಂದೆ ನಾನು ಕೂತು ಗೀಚಿದ್ದೆ. ಆಸ್ಪತ್ರೆಯಲ್ಲಿ ಯಾರಿಗೂ ಇದನ್ನು ಹೇಳಿರಲಿಲ್ಲ. ಮೊದಲ ದಿನ ಒಳಗೊಳಗೇ ಹೆಮ್ಮೆಯಿತ್ತು. ಮೂರನೆಯ ದಿನಕ್ಕೆ ಅದು ಜರ್ರನೆ ಇಳಿಯಿತು.

ಅಕ್ಕ ಭೂಗೋಳದ ಟೀಚರಾಗಿದ್ದವಳು, ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡ ಮೇಲೆ ನನಗೆ ಜಡೆ ಹಾಕಿದ್ದು, ಮಗ್ಗಿ ಕಲಿಸಿದ್ದು, ಬೇಕಾದಾಗ ಬೆನ್ನಿಗೆ ಎರಡು ಬಿಟ್ಟಿದ್ದು ಎಲ್ಲ ಇವಳೇ. ಮೆಟ್ಟಿಲಲ್ಲಿ ಜಾರಿ ಎಡಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಯಾರ ಮನೆಗೆ ಹೋದರೂ ಕಣ್ಣು ಮುಚ್ಚಿಕೊಂಡೇ ಪೂರ್ವ ಯಾವ ಕಡೆ ಎಂದು ಬೆರಳು ಮಾಡುತ್ತಿದ್ದ ಹೆಂಗಸು, ಆಪರೇಷನ್ ಆದ ಮೂರನೆಯ ದಿನದಿಂದ ಹಗಲು ಇರುಳು ತಿಳಿಯದವಳಾದಳು.

"ಬೆಳಗಾಯ್ತೇನೇ?"

"ಮಧ್ಯಾಹ್ನ ಮೂರು ಗಂಟೆ ಅಕ್ಕ."

"ಸುಳ್ಳು ಹೇಳ್ಬೇಡ. ಬೆಳಗಾಗಿದ್ರೆ ದೋಣಿ ಹೊರಡ್ತಿತ್ತು."

ಮಂಚವೇ ಅವಳಿಗೆ ದೋಣಿ. ಕೆಳಗೆ ನೀರು ಸರಿಯುವ ಸದ್ದು ಕೇಳುತ್ತದೆ ಅನ್ನುತ್ತಿದ್ದಳು. ನಾನೂ ಕಿವಿಗೊಟ್ಟು ಕೂತರೆ, ಗೋಡೆಯೊಳಗಿನ ಕೊಳವೆಗಳಲ್ಲಿ ಏನೋ ಮೆಲ್ಲಗೆ ಹರಿಯುತ್ತಿರುವುದು ಕೇಳಿಸುತ್ತಿತ್ತು. ಕೂತಲ್ಲೇ ನನಗೂ ತೇಲಿದ ಹಾಗಾಗುತ್ತಿತ್ತು. ಒಂದು ಸಲ ನನ್ನ ಮುಖ ನೋಡಿ, "ನೀವ್ಯಾರಮ್ಮ? ನನ್ನ ತಂಗಿ ದಡದಲ್ಲೇ ಉಳ್ಕೊಂಡ್ಳು, ಸ್ವಲ್ಪ ಕರೀತೀರಾ?" ಅಂದಳು.

ಗುರುವಾರ ಡಾಕ್ಟರು ನನ್ನನ್ನು ಹೊರಗೆ ಕರೆದರು.

"ಹೇಳಿದ್ದು ತಲೆಗೆ ಹೋಗದಿದ್ರೆ ನಡೆಯೋದನ್ನ ಕಲಿಸೋದು ಹೇಗೆ ಹೇಳಿ? ಸೋಮವಾರದವರೆಗೆ ನೋಡೋಣ. ಹೀಗೇ ಇದ್ರೆ ಆರೈಕೆ ಮನೆಗೆ ಕಳಿಸ್ಬೇಕಾಗುತ್ತೆ."

ಆರೈಕೆ ಮನೆಗೆ ಜನ ಮಲಗಿಕೊಂಡೇ ಹೋಗುತ್ತಾರೆ. ಅಲ್ಲಿಂದ ನಡೆದು ಬಂದವರನ್ನು ನಾನಂತೂ ಕಂಡಿಲ್ಲ. ನಾಲ್ಕು ದಿನ ಉಳಿದಿತ್ತು.

ಅಂದು ಮಧ್ಯಾಹ್ನ ಕುರ್ಚಿಯಲ್ಲೇ ಜೊಂಪು ಹತ್ತಿತು. ಕನಸಿನಲ್ಲಿ ನಾನು ನನ್ನದೇ ನಕ್ಷೆಯೊಳಗೆ ನಡೆಯುತ್ತಿದ್ದೆ. ಹಾಳೆಯ ಮಡಿಕೆ ಬಿಚ್ಚಿದ ಹಾಗೆಲ್ಲ ಒಂದೊಂದು ಕೋಣೆ, ಪ್ರತಿ ಕೋಣೆಗೂ ಒಂದು ಅವಳಿ. ಅಕ್ಕ ಒಂದು ಬಾಗಿಲಿನಿಂದ ಒಳಗೆ ಹೋದಳು. ಪಕ್ಕದ ಬಾಗಿಲಿನಿಂದ ಅವಳಂಥವಳೇ ಒಬ್ಬಳು ಹೊರಬಂದಳು, ಬೈತಲೆ ಮಾತ್ರ ಆಚೆ ಕಡೆಗಿತ್ತು. ಇಬ್ಬರಲ್ಲಿ ನನ್ನವಳು ಯಾರೆಂದು ತಿಳಿಯದೆ ನಾನು ನಡುವೆ ನಿಂತಿದ್ದೆ.

ಎಚ್ಚರವಾದಾಗ ಮಂಚ ಖಾಲಿ. ಎಕ್ಸ್‌ರೇಗೆ ಕರೆದುಕೊಂಡು ಹೋಗಿದ್ದರಂತೆ. ಯಾಕೋ ಏನೋ, ನಾನು ಚಪ್ಪಲಿ ಬಿಟ್ಟು ಅವಳ ಮಂಚದ ಮೇಲೆ ಮಲಗಿದೆ. ಎಡಸೊಂಟದ ಗಾಯದ ಮೇಲೆ ಭಾರ ಬೀಳಬಾರದೆಂದು ಅವಳು ಯಾವಾಗಲೂ ಬಲಕ್ಕೇ ಹೊರಳಿರುತ್ತಿದ್ದಳು. ನಾನೂ ಬಲಕ್ಕೆ ಹೊರಳಿದೆ.

ಕಣ್ಣೆದುರು ಶೌಚಾಲಯದ ಬೋಳು ಗೋಡೆ. ಒಂದು ಸ್ವಿಚ್ಚು, ಮುಚ್ಚದೆ ಬಿಟ್ಟ ಎರಡು ಮೊಳೆ ತೂತು. ಮೇಲೆ ಸದಾ ಉರಿಯುವ ಟ್ಯೂಬ್‌ಲೈಟು. ಹತ್ತು ನಿಮಿಷ ಕಳೆದಿರಬೇಕು, ಎಷ್ಟು ಹೊತ್ತಾಯಿತೆಂದು ಹೇಳುವ ಒಂದೇ ಒಂದು ವಸ್ತು ಅಲ್ಲಿರಲಿಲ್ಲ. ಕಿಟಕಿ ನನ್ನ ಬೆನ್ನ ಹಿಂದೆ ಇತ್ತು. ಆಳೆತ್ತರದ ಕಿಟಕಿ, ಪೂರ್ವದ ಬೆಳಕು, ಆಚೆ ಒಂದು ಮರ. ನಿಂತು ನೋಡಿದವರು ವಾಹ್ ಅನ್ನಬೇಕು. ನಾನೂ ನಿಂತುಕೊಂಡೇ ನೋಡಿ, ಸಹಿ ಹಾಕಿ ಹೋಗಿದ್ದೆ. ಮೂವತ್ತು ವರ್ಷದಿಂದ ಕೋಣೆ ಬರೆಯುತ್ತಿದ್ದೇನೆ. ಬರೆದ ಒಂದರಲ್ಲೂ ಮಲಗಿರಲಿಲ್ಲ. ನನ್ನ ಬುದ್ಧಿಗಿಷ್ಟು!

ನಮ್ಮ ಕಸುಬಿನಲ್ಲಿ ಒಂದು ಕೋಣೆ ಬರೆದು, ಅದನ್ನೇ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಮಗುಚಿ ಪಕ್ಕದ ಕೋಣೆ ಮಾಡುತ್ತೇವೆ. ಎರಡೂ ಮಂಚಗಳ ತಲೆ ನಡುಗೋಡೆಗೆ ಬರುತ್ತದೆ. ಆ ಗೋಡೆಯೊಳಗೆ ಒಮ್ಮೆ ಕೊಳವೆ ಇಳಿಸಿದರೆ ಎರಡೂ ಕೋಣೆಗೆ ಆಯಿತು. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸ. ಹಾಗಾಗಿ ಏಳನೆಯ ಕೋಣೆಯಲ್ಲಿ ಮಲಗಿದವರಿಗೆ ಕಿಟಕಿ ಬಲಕ್ಕೆ, ಎಂಟನೆಯದರಲ್ಲಿ ಎಡಕ್ಕೆ. ಮಂಚವನ್ನೇ ತಿರುಗಿಸೋಣವೆಂದರೆ ಕೊಳವೆ, ವೈರು, ಕರೆಗಂಟೆ ಎಲ್ಲವನ್ನೂ ತಲೆದಿಕ್ಕಿನ ಗೋಡೆಗೇ ಬಿಗಿದುಬಿಟ್ಟಿದ್ದೇನೆ, ಮಹಾ ಜಾಣೆ.

ಏಳನೆಯ ಕೋಣೆಗೆ ಇಣುಕಿದೆ. ಅಲ್ಲಿದ್ದವರು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದ ಹೆಂಗಸು, ಎಲ್ಲರ ಬಾಯಲ್ಲೂ ಅಂಚೆಯಮ್ಮ. ಮುರಿದದ್ದು ಬಲಸೊಂಟ. ಆದ್ದರಿಂದ ಎಡಕ್ಕೆ ಹೊರಳಿ, ಕಿಟಕಿಗೆ ಬೆನ್ನು ಹಾಕಿ, ಅವರ ಪಾಲಿನ ಬೋಳು ಗೋಡೆಯನ್ನು ನೋಡುತ್ತಿದ್ದರು.

"ನನ್ನ ಹಿಂದೆ ಯಾರೋ ದೀಪ ಹಿಡ್ಕೊಂಡು ನಿಂತಿರ್ತಾರೆ ಕಣಮ್ಮ," ಅಂದರು ಅಂಚೆಯಮ್ಮ. "ಯಾರು ಅಂತ ತಿರುಗಿ ನೋಡೋಣ ಅಂದ್ರೆ ಆಗಲ್ಲ."

ಒಂದೇ ಗೋಡೆಯ ಎರಡು ಬದಿಗೆ ತಲೆಯಿಟ್ಟು ಇಬ್ಬರು ಮಲಗಿದ್ದರು. ಇವರ ಬೆಳಕು ಅವರಿಗೆ, ಅವರ ಬೆಳಕು ಇವರಿಗೆ ಬೇಕಾಗಿತ್ತು.

ಓಡಿಹೋಗಿ, ಇಬ್ಬರ ಕೋಣೆ ಅದಲುಬದಲು ಮಾಡಿ ಎಂದು ಹಿರಿಯ ನರ್ಸಿಗೆ ಹೇಳಿದೆ. ಅವರು ಫೈಲಿನಿಂದ ತಲೆಯೆತ್ತಲಿಲ್ಲ.

"ಕೋಣೆ ಬದಲಾಯಿಸೋದು ಅಂದ್ರೆ ಮಕ್ಕಳಾಟಾನಾ? ನಿಮಗ್ಯಾರು ಹೇಳಿದ್ರು ಹೀಗೆ ಅಂತ?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ಈ ಕೋಣೆಗಳನ್ನ ಬರ್ದಿದ್ದು ನಾನೇ," ಅಂದೆ.

ನರ್ಸ್ ಪೆನ್ನು ಕೆಳಗಿಟ್ಟರು. "ಓಹೋ, ನೀವೇನಾ ಅದು! ಎಂಟು ವರ್ಷದಿಂದ ನಿಮ್ಮನ್ನೇ ಹುಡುಕ್ತಾ ಇದ್ದೆ. ಏಳರಲ್ಲಿ ಸ್ವಿಚ್ಚು ಬಲಕ್ಕೆ, ಎಂಟರಲ್ಲಿ ಎಡಕ್ಕೆ. ಅವಸರದಲ್ಲಿ ಬಂದಾಗ ಬೋಳುಗೋಡೆ ತಡವ್ತೀನಿ. ಆಗೆಲ್ಲ ನಿಮಗೆ ಏನೇನು ಅಂದಿದ್ದೀನಿ ಅಂತ ಕೇಳ್ಬೇಡಿ."

"ಈಗ ಎದುರಿಗೇ ಅನ್ನಿ. ಆದ್ರೆ ಅಕ್ಕನ್ನ ಆ ಕೋಣೆಗೆ ಹಾಕಿ."

ಅವರು ಎದ್ದು, ಡಾಕ್ಟರನ್ನು ಹುಡುಕಿಕೊಂಡು ಹೋದರು. ಅಂಚೆಯಮ್ಮನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. "ದೀಪ ಹಿಡ್ಕೊಂಡೋರ ಮುಖ ಕಾಣುತ್ತಾ? ಹಾಗಾದ್ರೆ ನಡೀರಿ," ಅಂದರು.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಅದಲುಬದಲಾದರು. ಶನಿವಾರ ಅಕ್ಕ ಬಲಕ್ಕೆ ಹೊರಳಿಕೊಂಡು ಆ ಮರವನ್ನು ನೋಡುತ್ತಾ ಇದ್ದಳು. ಬೆಳಕು ಅವಳ ಕೆನ್ನೆಯ ಮೇಲಿಂದ ದಿಂಬಿಗೆ, ದಿಂಬಿನಿಂದ ನೆಲಕ್ಕೆ ನಿಧಾನವಾಗಿ ಇಳಿದು, ಮಧ್ಯಾಹ್ನ ಕಿಟಕಿಯಾಚೆಗೆ ಸರಿದು, ಸಂಜೆಗೆ ಇಲ್ಲವಾಯಿತು. ಅದರ ಹಿಂದೆಯೇ ಅವಳ ರೆಪ್ಪೆಯೂ ಮುಚ್ಚಿತು. ಎಷ್ಟೋ ದಿನಗಳ ಮೇಲೆ ಹೊರಗೆ ಕತ್ತಲಿದ್ದಾಗ ನಿದ್ದೆ ಮಾಡಿದಳು. ಭಾನುವಾರ ನಾನು ಹೋದಾಗ ಕೋಣೆ ತುಂಬ ಎಳೆಬಿಸಿಲು, ಎಲೆಗಳ ನೆರಳು ಅವಳ ಹೊದಿಕೆಯ ಮೇಲೆ ಅಲ್ಲಾಡುತ್ತಿತ್ತು. ನನಗೆ ಇನ್ನೂ ಕನಸಿನೊಳಗೇ ಇದ್ದೇನೆಂಬ ಭ್ರಮೆ.

"ಇವತ್ತು ದೋಣಿ ಇಲ್ವಾ?" ಅಂದೆ, ಹೆದರುತ್ತಲೇ.

"ಯಾವ ದೋಣಿ? ನಿನಗೇನು ತಲೆ ಕೆಟ್ಟಿದ್ಯಾ?" ಅಂದಳು ಅಕ್ಕ. "ತಲೆ ಬಾಚ್ಕೊಂಡು ಬರೋಕೇನಾಗಿತ್ತು?"

ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ಜನ್ಮದಲ್ಲಿ ಅದೇ ಮೊದಲು.

ಸೋಮವಾರ ಡಾಕ್ಟರು ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟಳು. ವಾಕರ್ ಹಿಡಿದು ಬಾಗಿಲವರೆಗೆ ನಾಲ್ಕು ಹೆಜ್ಜೆ ಇಟ್ಟಳು. ಆರೈಕೆ ಮನೆಯ ಕಾಗದವನ್ನು ಡಾಕ್ಟರು ಫೈಲಿನಿಂದ ತೆಗೆದರು. ನೋವಿನ ಮಾತ್ರೆಯನ್ನೂ ಬದಲಾಯಿಸಿದ್ದೆವು, ಅದರಿಂದಲೂ ಇರಬಹುದು ಅಂದರು. ಇರಲಿ, ನಾನು ವಾದಕ್ಕೆ ಹೋಗಲಿಲ್ಲ.

ಎಲ್ಲರೂ ಹೋದ ಮೇಲೆ ನಡೆದದ್ದನ್ನೆಲ್ಲ ಅಕ್ಕನಿಗೆ ಹೇಳಿದೆ: ಕೋಣೆ ಬರೆದದ್ದು, ಮಗುಚಿದ್ದು, ಮಂಚದ ಮೇಲೆ ಮಲಗಿ ನೋಡಿದ್ದು, ಅಂಚೆಯಮ್ಮ ಈಗ ಗೋಡೆಯಾಚೆ ಕೂತು ಕಿಟಕಿಗೆ ಬರುವ ಹಕ್ಕಿಗಳನ್ನು ಲೆಕ್ಕ ಹಾಕುತ್ತಿರುವುದು. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಟೀಚರಿನ ಹಾಗೆ ಕೇಳುತ್ತಾ ಕೂತಳು.

"ಈ ಕಟ್ಟಡದಲ್ಲಿ ಇಂಥ ಕೋಣೆ ಎಷ್ಟಿವೆ?"

"ತೊಂಬತ್ತಾರು."

"ಎಂಟು ವರ್ಷದಿಂದ ಜನ ಬಂದು ಮಲಗ್ತಾ ಇದ್ದಾರೆ."

"ಹೂಂ."

"ಅವರಲ್ಲಿ ಎಷ್ಟು ಜನ ಮಂಚದಲ್ಲೇ ಆರೈಕೆ ಮನೆಗೆ ಹೋದ್ರು?"

ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿಲ್ಲ. ಅವರ ಫೈಲಿನಲ್ಲಿ ವಯಸ್ಸಾಗಿತ್ತು, ತಲೆ ಸರಿಯಿರಲಿಲ್ಲ ಎಂದಷ್ಟೇ ಬರೆದಿರುತ್ತದೆ. ಗೋಡೆಯ ವಿಷಯ ಯಾರು ಬರೆಯುತ್ತಾರೆ? ಅವರಿಗೂ ತಂಗಿಯರಿದ್ದರು, ಆ ತಂಗಿಯರು ನಕ್ಷೆ ಬರೆಯುವವರಾಗಿರಲಿಲ್ಲ, ಅಷ್ಟೇ.

"ಬೇರೆ ಕಡೇನೂ ಹೀಗೇ ಬರ್ದಿದ್ದೀಯಾ?"

"ಇನ್ನೂ ಎರಡು ಆಸ್ಪತ್ರೆಗೆ ಇದೇ ನಕ್ಷೆ ಹೋಗಿದೆ," ಅಂದೆ. "ಮತ್ತೊಂದು ಈಗ ಆಫೀಸಿನ ಮೇಜಿನ ಮೇಲಿದೆ. ಬುಧವಾರ ಸಹಿ ಹಾಕ್ಬೇಕು."

ಹೇಳುತ್ತಿದ್ದಂತೆ ಅವಳ ಹೊದಿಕೆಯಲ್ಲಿ ಮುಖ ಹುದುಗಿಸಿ ಗಳಗಳನೆ ಅತ್ತುಬಿಟ್ಟೆ. ಅಕ್ಕ ಸಮಾಧಾನ ಮಾಡಲಿಲ್ಲ, ತಲೆಯನ್ನೂ ಸವರಲಿಲ್ಲ. ನನ್ನ ಅಳು ಮುಗಿಯುವವರೆಗೆ ಕಾದಳು.

"ನಾಳೆ ನನ್ನ ನೋಡೋಕೆ ಬರ್ಬೇಡ," ಅಂದಳು. "ಆಫೀಸಿಗೆ ಹೋಗು."