ಗೇಟಿನ ಮೇಲಿನ ಬೋರ್ಡು

ಮನೆಮನೆ ಸುತ್ತಿ ಪೊರಕೆ ಮಾರುತ್ತಿದ್ದವನ ಮುಖಕ್ಕೆ ಎಲ್ಲರೂ ದಢಾರನೆ ಬಾಗಿಲು ಹಾಕುತ್ತಿದ್ದರು. ರೋಸಿಹೋಗಿ ಅವನು ಪೊರಕೆ ಬಿಸಾಕಿ, 'ಮಾರಾಟಗಾರರು ಒಳಗೆ ಬರಕೂಡದು' ಎಂಬ ತಗಡಿನ ಬೋರ್ಡುಗಳನ್ನೇ ಮಾರತೊಡಗಿದ. ಜನ ಮುಗಿಬಿದ್ದು ಕೊಂಡರು. ಕಾರ್ಖಾನೆ ಎದ್ದಿತು, ಅದರ ಜೊತೆಗೆ ಅವನ ಹೊಟ್ಟೆಯೂ.

ಈಗ ಕಂಪನಿ ನೀರಿನ ಫಿಲ್ಟರು ಮಾಡಿದರೆ, ಮಾರಲು ಹೋದವರೆಲ್ಲ ಜೋಲುಮುಖ ಹಾಕಿಕೊಂಡು ವಾಪಸ್ಸು.

"ಎಲ್ಲಾ ಗೇಟಲ್ಲೂ ನಮ್ಮದೇ ಬೋರ್ಡು ಸಾರ್," ಎಂದ ಮ್ಯಾನೇಜರು.

"ಒಂದು ಬೋರ್ಡಿಗೆ ಹೆದರ್ತೀರೇನ್ರೀ? ನಾಚಿಕೆ ಆಗಲ್ವಾ?" ಎಂದು ಗುಡುಗಿದವನು ತಾನೇ ಫಿಲ್ಟರು ಹೊತ್ತು, ಮೊಟ್ಟಮೊದಲ ಬೋರ್ಡು ಕೊಂಡಿದ್ದ ಅಜ್ಜಿಯ ಗೇಟು ತಟ್ಟಿದ.

ಅಜ್ಜಿ ಗುರುತು ಹಿಡಿದಳು. "ಓ, ನೀನಾ! ನಿನ್ನ ಹೊಟ್ಟೆ ತಣ್ಣಗಿರಲಪ್ಪ. ಅವತ್ತಿಂದ ಒಂದು ನರಪಿಳ್ಳೆನೂ ಏನೂ ಮಾರೋಕೆ ಬಂದಿಲ್ಲ."

ಫಿಲ್ಟರಿನ ಕಡೆ ಕಣ್ಣು ಕೂಡ ಹಾಯಿಸದೆ ಕೈಯೊಡ್ಡಿದಳು: "ಹಿತ್ತಲ ಗೇಟಿಗೂ ಒಂದು ಬೋರ್ಡು ಕೊಡು."